ಇಲ್ಲದವರ ಕಣ್ಣಿಗೆ ರಸೀದಿ

ಫೆಬ್ರುವರಿ ೯
ಲಾರಿಯವರ ಕೈಯಲ್ಲಿ

ನಮ್ಮ ಮೊಂಡಿಗೆ,

ನಿನ್ನ ದೊಡ್ಡಮ್ಮ ಇನ್ನೂ ಗಟ್ಟಿಯಾಗಿದ್ದಾಳೆ ಎನ್ನುವುದಕ್ಕೆ ಈ ಅಕ್ಷರಗಳೇ ಸಾಕ್ಷಿ. ಸಾಲು ಓರೆಯಾಗಿದ್ದರೆ ಅದು ಮೇಜಿನ ತಪ್ಪು, ಕೈಯದಲ್ಲ. ಇನ್ನು ಮೇಲೆ ನನ್ನಿಂದ ಎರಡು ಬಗೆಯ ಕಾಗದ ಬರುತ್ತವೆ. ಅಂಚೆಯಲ್ಲಿ ಬಂದದ್ದರಲ್ಲಿ ಮಂಡಿನೋವು, ಬಿಸಿಲು, ಹಲ್ಲುಸೆಟ್ಟಿನ ಗೋಳು ಇರುತ್ತದೆ, ಯಾಕೆಂದರೆ ಅದನ್ನು ನಿನಗಿಂತ ಮೊದಲು ಯಾರೋ ಓದಿರುತ್ತಾರೆ. ನಿಜವಾದ ಸಮಾಚಾರ ನನಗೆ ಕೃತಕ ಕಣ್ಣು ಮಾಡುವ ರಾಳದ ಪುಡಿ ತರುವ ಲಾರಿಯವರ ಕೈಯಲ್ಲಿ. ಗಡಿ ದಾಟುವಾಗ ಕಾಗದವನ್ನು ಎಲ್ಲಿ ಅಡಗಿಸುತ್ತೀರಿ ಎಂದು ಕೇಳಿದೆ. "ಅದನ್ನ ತಿಳ್ಕೊಂಡು ನೀವೇನ್ ಮಾಡ್ತೀರಿ ಅಮ್ಮ?" ಎಂದರು. ಬುದ್ಧಿವಂತರು.

ಡಿಸೆಂಬರಿನಲ್ಲಿ ಮೂರನೆಯ ಸಲ ಚುನಾವಣೆ ಮುಂದೂಡಿದಾಗ ಜನ ಚೌಕಕ್ಕೆ ನಡೆದದ್ದು, ಅವರ ಮೇಲೆ ಚರೆ ತೋಟಾ ಹಾರಿಸಿದ್ದು ನಿಮ್ಮ ಪತ್ರಿಕೆಗಳಲ್ಲೂ ಬಂತಂತೆ. ಲಿಫ್ಟ್ ರಿಪೇರಿಯವರ ಸಂಘವೂ ನಡೆದಿತ್ತು. ಮೇಲೆ ಕೆಳಗೆ ಓಡಾಡಿದ್ದು ಸಾಕು, ಒಂದು ದಿನ ನೆಟ್ಟಗೆ ನಡೆಯೋಣ ಎಂದು ಹೊರಟೆವು ಅಂತ ನಿನ್ನ ತಮ್ಮ ಆಮೇಲೆ ಹೇಳಿದ. ಅವನ ಎಡಗಣ್ಣು ಹೋಯಿತು ಮಗಳೇ. ಎರಡು ತಿಂಗಳು ಇದನ್ನು ನುಂಗಿಕೊಂಡಿದ್ದೆ. ಬೈಯಬೇಡ.

ದೊಡ್ಡ ಆಸ್ಪತ್ರೆಗೆ ಹೋದವರ ಪಟ್ಟಿ ಸಂಜೆಯೊಳಗೆ ಪೊಲೀಸರಿಗೆ ತಲುಪುತ್ತದೆ. ಹಾಗಾಗಿ ಪಕ್ಕದ ಕೋಣೆಯಲ್ಲಿ ಹಲ್ಲುಸೆಟ್ಟು ಮಾಡುವ ಹಲ್ಲಿನಣ್ಣನವರ ಕುರ್ಚಿಯಲ್ಲೇ ಅವನನ್ನು ಮಲಗಿಸಿದೆವು, ಅವರಿಗೆ ಪರಿಚಯದ ವೈದ್ಯೆ ಬಂದು ಗಾಯ ಹೊಲಿದರು. ಈಗ ಮಾಗಿದೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡವರನ್ನು ಬಸ್ಸಿನಿಂದ ಇಳಿಸಿ ಕರೆದೊಯ್ಯುತ್ತಾರೆ. ಒಂದು ಕಣ್ಣು ಇಲ್ಲದಿರುವುದೇ ಚೌಕದಲ್ಲಿ ಇದ್ದ ಗುರುತು. ಆದ್ದರಿಂದ ನನ್ನ ಮೂರನೆಯ ಮಹಡಿಯ ಕೋಣೆಗೆ ಎಂದೂ ಬರದಷ್ಟು ಜನ ಬರುತ್ತಿದ್ದಾರೆ. ಏನಾಯಿತಪ್ಪ ಎಂದರೆ ಎಲ್ಲರದೂ ಒಂದೇ ಮಾತು, ಬಾಗಿಲು ತಾಗಿತು. ಈ ಊರಿನ ಬಾಗಿಲುಗಳಿಗೆಲ್ಲ ಒಂದೇ ದಿನ ಹುಚ್ಚು ಹಿಡಿಯಿತೇನೋ. ನಾನೂ ಹೌದೌದು ಎನ್ನುತ್ತಾ ಅಚ್ಚು ತೆಗೆಯುತ್ತೇನೆ. ಗೊಂಬೆ ಕಾರ್ಖಾನೆಯಲ್ಲಿ ಗೊಂಬೆಗಳಿಗೆ ಕಣ್ಣು ಬರೆಯುತ್ತಿದ್ದವಳು, ಯಾರೂ ಕಲಿಸದೆ ಮನುಷ್ಯರ ಕಣ್ಣು ಮಾಡಲು ಕಲಿತೆ. ಇಷ್ಟು ಮಂದಿಗೆ ಮಾಡಬೇಕಾದೀತು ಎಂದು ಕಲಿಯಲಿಲ್ಲ.

ನಿನ್ನ ತಮ್ಮನ ಕಣ್ಣಿಗೆ ನನಗೆ ಒಂಬತ್ತು ದಿನ ಹಿಡಿಯಿತು. ಬೇರೆಯವರಿಗಾದರೆ ಉಳಿದ ಕಣ್ಣನ್ನು ನೋಡಿ ಬಣ್ಣ ಹಾಕುತ್ತೇನೆ. ಆದರೆ ನಿಮ್ಮ ಅಮ್ಮನಿಂದ ಬಂದ ಆ ಜೇನುಬಣ್ಣದ ಚುಕ್ಕೆ, ಪಾಪೆಯ ಕೆಳಗೆ ಮೂಗಿನ ಕಡೆಗೆ, ಸಾಸಿವೆಯ ಅರ್ಧದಷ್ಟು, ಅದು ನಿಮ್ಮಿಬ್ಬರಿಗೂ ಎಡಗಣ್ಣಲ್ಲಿ ಮಾತ್ರ. ನೋಡಿ ಬರೆಯೋಣವೆಂದರೆ ಅವನ ಆ ಕಣ್ಣೇ ಇಲ್ಲ. ನೀನು ಹೋಗುವಾಗ ತೆಗೆಸಿದ ಪಾಸ್‌ಪೋರ್ಟ್ ಚಿತ್ರವನ್ನು ಭೂತಗನ್ನಡಿಯ ಕೆಳಗಿಟ್ಟು, ನಿನ್ನ ಕಣ್ಣನ್ನು ನೋಡಿ ಬರೆದೆ. ಕೆಂಪು ರೇಷ್ಮೆಯ ಎಳೆ ಇಟ್ಟು ನರ ಮಾಡಿದೆ, ಹಲ್ಲಿನಣ್ಣನವರ ಪಾತ್ರೆಯಲ್ಲಿ ಬೇಯಿಸಿದೆ. ಕನ್ನಡಿ ಕೊಟ್ಟರೆ ಬೆಳಕಿಗೆ ತಿರುಗಿಸಿ ಹಿಡಿದು ನೋಡಿಕೊಂಡ.

"ಅಕ್ಕ ನನ್ನನ್ನೇ ನೋಡ್ತಿದ್ದಾಳೆ ದೊಡ್ಡಮ್ಮ. ಇನ್ನು ಸಿಗರೇಟು ಸೇದೋ ಹಾಗಿಲ್ಲ."

ಅವನು ನಕ್ಕ. ನಾನು ಕನ್ನಡಿಯನ್ನು ತೆಗೆದಿಟ್ಟೆ.

ಇಲ್ಲಿಗೆ ನಿಲ್ಲಿಸುತ್ತೇನೆ, ಲಾರಿ ಹೊರಡಬೇಕು.
ನಿನ್ನ ದೊಡ್ಡಮ್ಮ


ಮಾರ್ಚ್ ೨೧

ದೊಡ್ಡಮ್ಮ,

ನಿನ್ನ ಕಾಗದ ಓದಿ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಮೂರನೆಯ ದಿನ ಹೋಗಲೇಬೇಕಿತ್ತು. ಸಮಿತಿಯ ಮುಂದೆ ಬಂದವರು ನಿಮ್ಮ ದೇಶದ ರಾಯಭಾರಿ. ನಮ್ಮ ದೇಶದ ಎನ್ನಬೇಕು, ಆದರೆ ಆ ದಿನ ಬಾಯಿ ಬರಲಿಲ್ಲ.

ನನ್ನ ಕೆಲಸ ನಿನಗೆ ಗೊತ್ತಲ್ಲ. ಇಲ್ಲಿಯ ಶಾಸನಸಭೆಯ ಸಮಿತಿ ಕೋಣೆಯ ಮೂಲೆಯಲ್ಲಿ ಗಾಜಿನ ಗೂಡು, ಕಿವಿಗೆ ಹೆಡ್‌ಫೋನು, ಎದುರಿಗೆ ಮೈಕು. ಅವರು ಒಂದು ಭಾಷೆಯಲ್ಲಿ ಹೇಳಿದ್ದನ್ನು ನಾನು ಇನ್ನೊಂದರಲ್ಲಿ ಹೇಳಬೇಕು. ಅವರು 'ನಾನು' ಎಂದರೆ ನಾನೂ 'ನಾನು' ಎನ್ನಬೇಕು, ನಿಯಮ ಹಾಗೆ. ರಾಯಭಾರಿ ತಣ್ಣಗೆ ಹೇಳಿದರು: ನಮ್ಮ ಚೌಕದಲ್ಲಿ ಒಬ್ಬರ ಕಣ್ಣಿಗೂ ಗಾಯವಾಗಿಲ್ಲ, ನನ್ನ ಮಾತಿನ ಮೇಲೆ ನಂಬಿಕೆ ಇಡಿ. ಇಡೀ ಕೋಣೆ ಆ ಮಾತನ್ನು ನನ್ನ ದನಿಯಲ್ಲಿ ಕೇಳಿತು.

ತೋಟಾಗಳು ಇಲ್ಲಿಯವೇ. ಸಮಿತಿ ಸೇರಿರುವುದು ಅವನ್ನು ಮಾರುವುದು ನಿಲ್ಲಿಸಬೇಕೇ ಎಂದು ತೀರ್ಮಾನಿಸಲು. ಕಾರ್ಖಾನೆ ಇರುವ ಊರಿನ ಸದಸ್ಯರು, ನಾವು ಮಾರದಿದ್ದರೆ ಇನ್ನೊಬ್ಬರು ಮಾರುತ್ತಾರೆ, ನಮ್ಮವರ ಕೆಲಸ ಹೋಗುವುದೊಂದೇ ಲಾಭ ಎನ್ನುತ್ತಾರೆ. ಅವರ ಎದುರಿನ ಸದಸ್ಯೆ ಬಹಳ ಸಿಟ್ಟಿನವರು. ಎಲ್ಲ ವ್ಯಾಪಾರ ನಿಲ್ಲಿಸಿ, ರಾಯಭಾರ ಕಚೇರಿ ಮುಚ್ಚಿ, ಮುಖ ತಿರುಗಿಸಿಕೊಳ್ಳಿ ಎನ್ನುತ್ತಾರೆ. ಅಧ್ಯಕ್ಷೆ ಇಬ್ಬರ ಮಾತನ್ನೂ ಕೇಳಿಸಿಕೊಂಡು, ಯಾರೋ ಮೊಬೈಲಿನಲ್ಲಿ ತೆಗೆದ ಚಿತ್ರ ಸಾಲದು, ಆ ಸರ್ಕಾರವೇ ಮುದ್ರೆ ಒತ್ತಿದ ಒಂದು ಕಾಗದ ತಂದುಕೊಡಿ ಎಂದರು.

ತಾನು ಮಾಡೇ ಇಲ್ಲ ಎನ್ನುತ್ತಿರುವ ಕೆಲಸಕ್ಕೆ ಯಾವ ಸರ್ಕಾರ ಮುದ್ರೆ ಒತ್ತಿ ಕೊಡುತ್ತದೆ ದೊಡ್ಡಮ್ಮ?

ತಮ್ಮನನ್ನು ಮುಂದಿನ ಲಾರಿಯಲ್ಲೇ ಕಳಿಸು. ಆ ಚುಕ್ಕೆಯ ಮಾತು ಓದಿದ ಮೇಲೆ ನಾನು ಕನ್ನಡಿ ನೋಡುವುದನ್ನು ಕಡಿಮೆ ಮಾಡಿದ್ದೇನೆ.

ನಿನ್ನ ಮೊಂಡಿ


ಮೇ ೨
ಲಾರಿಯವರ ಕೈಯಲ್ಲಿ

ಮಗಳೇ,

ಕೂತು ಓದು.

ನಿನ್ನ ತಮ್ಮ ಮುಂದಿನ ಲಾರಿಗೆ ಬರುತ್ತೇನೆ ಎಂದಿದ್ದ. ಕೈಯಲ್ಲಿರುವ ಒಂದು ಕೆಲಸ ಮುಗಿಸಿ ಹೊರಡುತ್ತೇನೆ, ಜನ ಅರ್ಧದಲ್ಲಿ ಸಿಕ್ಕಿಹಾಕಿಕೊಂಡರೆ ನನ್ನನ್ನೇ ಬೈಯುತ್ತಾರೆ ಎಂದ. ಏಪ್ರಿಲ್ ಆರರಂದು ಪೇಟೆಯ ಒಂದು ಕಟ್ಟಡದ ಹನ್ನೊಂದನೆಯ ಮಹಡಿಯಲ್ಲಿ ಲಿಫ್ಟಿನ ಬಾವಿಯೊಳಗೆ ಇಳಿದಿದ್ದನಂತೆ. ಮೇಲಿನಿಂದ ಯಾರೋ ಕರೆದರು, ಹತ್ತಿ ಬಂದ, ಅಷ್ಟೆ, ಆಮೇಲೆ ಅವನನ್ನು ಕಂಡವರಿಲ್ಲ. ಉಪಕರಣದ ಪೆಟ್ಟಿಗೆಯನ್ನು ಕಾವಲಿನವರು ನನಗೆ ತಂದುಕೊಟ್ಟರು. ಮುಚ್ಚಳ ತೆರೆದೇ ಇತ್ತು.

ನಾಲ್ಕು ಕಚೇರಿ ಹತ್ತಿ ಇಳಿದೆ. ನಾಲ್ಕನೆಯದರ ಗುಮಾಸ್ತೆ ಒಳ್ಳೆಯ ಹುಡುಗಿ, ನೀರು ಕೊಟ್ಟಳು. ಪುಸ್ತಕ ತಿರುವಿ ಹಾಕಿದಳು.

"ಅಂಥವರು ಯಾರೂ ಇಲ್ಲ ಅಮ್ಮ."

"ಎಲ್ಲಿ ಇಲ್ಲ?"

"ಎಲ್ಲೂ ಇಲ್ಲ. ಗಡಿ ದಾಟಿ ಹೋಗಿರಬೇಕು. ಎಲ್ಲರೂ ಹೋಗಿದ್ದಾರೆ."

ಎಲ್ಲರೂ ಎಂದರೆ ಯಾರ್ಯಾರು ಎಂದು ಕೇಳಿದೆ. ಅವಳು ಪುಸ್ತಕ ಮುಚ್ಚಿದಳು. ಅದರ ಹಾಳೆಗಳು ಖಾಲಿ ಇದ್ದವು ಎಂದು ನಿನಗೆ ಮಾತ್ರ ಹೇಳುತ್ತೇನೆ. ಅಷ್ಟು ಹೊತ್ತು ಅವಳು ಖಾಲಿ ಹಾಳೆಗಳ ಮೇಲೆ ಬೆರಳಾಡಿಸುತ್ತಿದ್ದಳು.

ಇನ್ನೊಂದು ವಿಷಯ. ಹೇಗೆ ಹೇಳಬೇಕೋ ತಿಳಿಯದು. ಮೊನ್ನೆ ನನಗೊಂದು ಪಾರ್ಸೆಲ್ ಬಂತು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಡಬ್ಬಿ, ಕಂದು ಕಾಗದ, ದಾರಕ್ಕೆ ಅರಗು. ಒಳಗೆ ಹತ್ತಿಯಲ್ಲಿ ಸುತ್ತಿದ ಕಣ್ಣು. ಬೂದುಹಸಿರು, ಬಲಗಣ್ಣು. ನಾನೇ ಮಾಡಿದ್ದು, ಜನವರಿಯಲ್ಲಿ, ಸಂಗೀತದ ಮೇಷ್ಟ್ರಿಗೆ. ಅಚ್ಚು ತೆಗೆಯುವಾಗಲೂ ರಾಗ ಎಳೆಯುತ್ತಿದ್ದರು, ಅಲ್ಲಾಡಬೇಡಿ ಎಂದು ಗದರಿದ್ದೆ. ಫೆಬ್ರುವರಿಯಿಂದ ಅವರ ಸುಳಿವಿಲ್ಲ.

ಜೊತೆಗೆ ಎರಡು ಹಾಳೆ, ಎರಡಕ್ಕೂ ಜೈಲಿನ ಉಗ್ರಾಣದ ಮುದ್ರೆ. ಇದು ಹಳೆಯ ಕಾಯಿದೆ ಮಗಳೇ, ನಿನಗೆ ಗೊತ್ತಿಲ್ಲದಿರಬಹುದು. ಆಸ್ಪತ್ರೆಯಲ್ಲೋ ಜೈಲಿನಲ್ಲೋ ಮರಗಾಲು, ಹಲ್ಲುಸೆಟ್ಟು, ಕಣ್ಣು ಉಳಿದುಬಿಟ್ಟರೆ ಅದನ್ನು ಮಾಡಿದವರಿಗೇ ವಾಪಸ್ ಕಳಿಸಬೇಕು. ಅದಕ್ಕೇ ನಾವು ಹಿಂಬದಿಯಲ್ಲಿ ಅಂಗಡಿಯ ಸಂಖ್ಯೆ ಕೊರೆಯುವುದು. ಒಂದು ಹಾಳೆಗೆ ಸಹಿ ಮಾಡಿ ಉಗ್ರಾಣಕ್ಕೆ ಕಳಿಸಬೇಕು, ಇನ್ನೊಂದು ನಮ್ಮಲ್ಲಿ. ಹಿಂದೆ ವರ್ಷಕ್ಕೊಂದು ಬಂದರೆ ಹೆಚ್ಚು.

ಹಿಂದಿರುಗಿಸಲು ಕಾರಣ ಎನ್ನುವ ಕಡೆ ದುಂಡಗಿನ ಅಕ್ಷರದಲ್ಲಿ ಬರೆದಿದ್ದಾರೆ: ಬಳಕೆದಾರರಿಗೆ ಇನ್ನು ಅಗತ್ಯವಿಲ್ಲ.

ಕಚೇರಿಯ ಪ್ರಕಾರ ಮೇಷ್ಟ್ರು ಎಲ್ಲೂ ಇಲ್ಲ. ಉಗ್ರಾಣದವರಿಗೆ ಮಾತ್ರ ಅವರ ಕಣ್ಣಿಗೆ ರಸೀದಿ ಬೇಕು. ಸಹಿ ಮಾಡಿದೆ. ಬೇರೇನು ಮಾಡಲಿ, ಡಬ್ಬಿಯನ್ನು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ.

ದೊಡ್ಡಮ್ಮ


ಜೂನ್ ೧೦
ಅಂಚೆಯಲ್ಲಿ

ಚಿರಂಜೀವಿ ಮಗಳಿಗೆ,

ಇಲ್ಲಿ ಎಲ್ಲವೂ ಚೆನ್ನಾಗಿದೆ. ಊರು ಶಾಂತವಾಗಿದೆ. ಚೌಕಕ್ಕೆ ಹೊಸ ಕಲ್ಲು ಹಾಸಿದ್ದಾರೆ, ಬಹಳ ಚೊಕ್ಕಟ, ಅಲ್ಲಿ ಯಾರೂ ಕೂರುವುದಿಲ್ಲವಾದ್ದರಿಂದ ಕೊಳೆಯಾಗುವುದೂ ಇಲ್ಲ. ನನ್ನ ಹಲ್ಲುಸೆಟ್ಟಿನ ಕೆಳಸಾಲು ಮತ್ತೆ ಸಡಿಲವಾಗಿದೆ. ಮಾತಾಡಿದರೆ ಟಕಟಕ ಎನ್ನುತ್ತದೆ. ಮಾತು ಕಡಿಮೆ ಮಾಡಿ ಎನ್ನುತ್ತಾರೆ ಹಲ್ಲಿನಣ್ಣ, ಮಾಡಿದವರು ಅವರು, ಬುದ್ಧಿ ನನಗೆ.

ನಮ್ಮ ಕಟ್ಟಡದ ಲಿಫ್ಟಿಗೆ ಏನೋ ಆಗಿದೆ. ಬೆಳಿಗ್ಗೆ ಏಳೂಮುಕ್ಕಾಲಿಗೆ ತಾನಾಗಿ ಮೂರನೆಯ ಮಹಡಿಗೆ ಬಂದು ಬಾಗಿಲು ತೆರೆಯುತ್ತದೆ. ಒಳಗೆ ಯಾರೂ ಇರುವುದಿಲ್ಲ. ಸ್ವಲ್ಪ ಹೊತ್ತು ಕಾದು ಮುಚ್ಚಿಕೊಳ್ಳುತ್ತದೆ. ಅದು ಯಾರು ತಿಂಡಿಗೆ ಬರುತ್ತಿದ್ದ ಹೊತ್ತು ಎಂದು ನಿನಗೆ ನೆನಪಿದ್ದೀತು. ರಿಪೇರಿಗೆ ಜನ ಸಿಗುತ್ತಿಲ್ಲ. ಹಲ್ಲಿನಣ್ಣ ಈಗೀಗ ಅದಕ್ಕೆ ನಮಸ್ಕಾರ ಹೇಳುತ್ತಾರೆ. ನಾನೂ ಹೇಳುತ್ತೇನೆ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.
ದೊಡ್ಡಮ್ಮ


ಜುಲೈ ೧೪
ಲಾರಿಯವರ ಕೈಯಲ್ಲಿ

ಮೊಂಡಿ,

ಆರು ಡಬ್ಬಿಗಳಾದವು. ಮೇಷ್ಟ್ರು, ಬಸ್ ಕಂಡಕ್ಟರು, ಔಷಧಿ ಅಂಗಡಿಯಾಕೆ, ಇಬ್ಬರು ಕಾಲೇಜಿನವರು, ಒಬ್ಬ ಬಡಗಿ. ಆರಕ್ಕೂ ಅದೇ ದುಂಡು ಅಕ್ಷರ, ಅದೇ ಕಾರಣ. ಆ ಉಗ್ರಾಣದವರು ಯಾರಿರಬಹುದು ಎಂದು ಯೋಚಿಸುತ್ತೇನೆ. ಕಾಯಿದೆ ಬಿಟ್ಟರೆ ಬೇರೇನೂ ಕಾಣದ ಮನುಷ್ಯನೋ, ಅಥವಾ ಕಾಯಿದೆಯ ಸಂದಿಯಲ್ಲಿ ನಮಗೆ ಸುದ್ದಿ ಕಳಿಸುತ್ತಿರುವ ಧೈರ್ಯವಂತನೋ. ಅಕ್ಷರ ನೋಡಿದರೆ ಗೊತ್ತಾಗುವುದಿಲ್ಲ. ಹತ್ತಿಯನ್ನು ಮಾತ್ರ ಬಹಳ ಜೋಪಾನವಾಗಿ ಸುತ್ತಿರುತ್ತಾರೆ.

ನನ್ನಂತೆ ಕಣ್ಣು ಮಾಡುವವರಿಗೆ ಕಣ್ಣು ಓದಲೂ ಬರುತ್ತದೆ. ತೊಳೆಯದೆ ಹಾಕಿಕೊಂಡಿದ್ದರೆ ಕಣ್ಣೀರು ಒಣಗಿ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಕಂಡಕ್ಟರರ ಕಣ್ಣಿನ ಪೊರೆ ಎರಡು ತಿಂಗಳದ್ದು. ಅಂದರೆ ಅವರು ಗಡಿ ದಾಟಿದರು ಎಂದು ಪತ್ರಿಕೆಯಲ್ಲಿ ಬಂದ ಮೇಲೂ ಎರಡು ತಿಂಗಳು ಎಲ್ಲೋ ಕೂತು ಅತ್ತಿದ್ದಾರೆ. ಔಷಧಿ ಅಂಗಡಿಯಾಕೆಯ ಕಣ್ಣು ಮಾತ್ರ ಲಕಲಕ ಹೊಳೆಯುತ್ತದೆ. ಆಕೆ ಕೊನೆಯವರೆಗೂ ತೊಳೆದುಕೊಳ್ಳುತ್ತಿದ್ದರು. ಅದನ್ನು ನೋಡಿದಾಗಲೇ ನನಗೆ ಅಳು ಬಂದದ್ದು.

ಆರನ್ನೂ ಮೇಜಿನ ಡ್ರಾಯರಿನಲ್ಲಿ ಕವುಚಿ ಇಡುತ್ತೇನೆ. ಬೆಳಿಗ್ಗೆ ತೆರೆದರೆ ಯಾವುದಾದರೂ ಒಂದು ಮೇಲ್ಮುಖವಾಗಿರುತ್ತದೆ. ಲಿಫ್ಟು ಬಂದು ನಿಂತಾಗ ನೆಲ ಅದುರುತ್ತದೆ, ಉರುಳುತ್ತವೆ, ಅಷ್ಟೇ ಎಂದು ಹಲ್ಲಿನಣ್ಣ ಹೇಳುತ್ತಾರೆ. ಅಷ್ಟೇ ಇರಬೇಕು. ದಿನಾ ಬೇರೆಬೇರೆಯದು ತಿರುಗುತ್ತದೆ, ಸರದಿ ಹಾಕಿಕೊಂಡ ಹಾಗೆ.

ಈಗ ನಿನ್ನ ಸಮಿತಿಯ ಮಾತು. ಮುದ್ರೆಯಿರುವ ಕಾಗದ ಬೇಕು ಎಂದರಲ್ಲ, ಆರು ಇವೆ. ಜೊತೆಗೆ ನನ್ನ ಅಭಿಪ್ರಾಯವನ್ನೂ ಹೇಳು, ಕೇಳಿದರೆ. ಆ ಸಿಟ್ಟಿನ ಸದಸ್ಯೆ ಒಳ್ಳೆಯವರು, ಆದರೆ ಎಲ್ಲವನ್ನೂ ನಿಲ್ಲಿಸಿ ಎನ್ನುತ್ತಾರೆ. ನನ್ನ ರಾಳದ ಪುಡಿಯೂ ನಿಮ್ಮಲ್ಲಿಂದಲೇ ಬರುವುದು. ಕಣ್ಣು ತೆಗೆಯುವ ತೋಟಾ, ಕಣ್ಣು ಮಾಡುವ ಪುಡಿ ಎರಡೂ ಒಂದೇ ದಾರಿಯಲ್ಲಿ ಬರುತ್ತವೆ ಮಗಳೇ. ದಾರಿ ಮುಚ್ಚಿದರೆ ದೊರೆಗಳಿಗೆ ಏನೂ ಆಗದು, ಅವರ ಬಳಿ ಹಳೆಯ ತೋಟಾ ಬೇಕಾದಷ್ಟಿದೆ. ನನ್ನ ಬಳಿ ಹಳೆಯ ಪುಡಿ ಇಲ್ಲ. ತೋಟಾ ನಿಲ್ಲಿಸಲಿ, ಪುಡಿ ಬಿಡಲಿ. ಹಾರಿಸಿ ಎಂದು ಸಹಿ ಹಾಕಿದವರ ಹೆಸರು ಹಿಡಿದು ಕೇಳಲಿ, ಅವರ ಮಕ್ಕಳು ನಿಮ್ಮಲ್ಲಿ ಓದುತ್ತಿದ್ದಾರಂತೆ, ಮನೆಗಳೂ ಇವೆಯಂತೆ. ಇಲ್ಲಿರುವ ನಿಮ್ಮ ರಾಯಭಾರ ಕಚೇರಿ ಮುಚ್ಚುವುದು ಬೇಡ. ಅಲ್ಲಿಯ ಒಬ್ಬರು ದಿನಾ ಬಂದು ನಮ್ಮ ಕೋರ್ಟಿನ ಬೆಂಚಿನ ಮೇಲೆ ಸುಮ್ಮನೆ ಕೂತರೂ ಸಾಕು, ನೋಡುವವರಿದ್ದಾರೆ ಎಂದು ಗೊತ್ತಾಗುತ್ತದೆ. ಮುಖ ತಿರುಗಿಸಿಕೊಂಡವರಿಂದ ಯಾರಿಗೂ ಉಪಕಾರವಾಗಿಲ್ಲ. ಗಡಿಗೆ ಬಂದವರನ್ನು ಒಳಗೆ ಬಿಡಲಿ, ಬಾಗಿಲು ತಾಗಿತು ಎಂದು ಹೇಳಿದರೂ ಬಿಡಲಿ.

ಇಷ್ಟೇ. ಶಾಲೆ ಕಲಿಯದವಳ ಮಾತು.
ದೊಡ್ಡಮ್ಮ


ಆಗಸ್ಟ್ ೩

ದೊಡ್ಡಮ್ಮ,

ಅಧ್ಯಕ್ಷೆಗೆ ನಿನ್ನ ಕಾಗದವನ್ನು ಓದಿ ಹೇಳಿದೆ. ಪುಡಿಯ ಮಾತು ಬಂದಾಗ ಎರಡು ಸಲ ಓದಿಸಿದರು. ಮುದ್ರೆಯಿರುವ ಹಾಳೆಗಳೂ ಕಣ್ಣುಗಳೂ ಮೇಜಿನ ಮೇಲೆ ಬಂದರೆ ಸಮಿತಿ ಮತಕ್ಕೆ ಹಾಕಲೇಬೇಕಾಗುತ್ತದೆ ಎಂದರು.

ಆದರೆ ಕಳಿಸಬೇಡ. ಪ್ರತಿ ಹಾಳೆಯಲ್ಲೂ ನಿನ್ನ ಅಂಗಡಿಯ ಸಂಖ್ಯೆ ಇದೆ. ಮೇಜಿನ ಮೇಲೆ ಇಟ್ಟ ಅರ್ಧ ಗಂಟೆಯೊಳಗೆ ರಾಯಭಾರಿಗೆ ಗೊತ್ತಾಗುತ್ತದೆ. ತರುವುದಾದರೆ ನೀನೇ ತಾ. ಲಾರಿಯವರನ್ನು ಕೇಳಿದ್ದೇನೆ, ಪುಡಿಯ ಚೀಲಗಳ ನಡುವೆ ಒಬ್ಬರಿಗೆ ಜಾಗ ಮಾಡುತ್ತಾರಂತೆ. ಇಲ್ಲಿ ನನ್ನ ಮನೆಯಲ್ಲಿ ಕಿಟಕಿಯ ಪಕ್ಕದ ಕೋಣೆ ನಿನಗೇ ಎಂದು ಖಾಲಿ ಇಟ್ಟಿದ್ದೇನೆ. ಒಳ್ಳೆಯ ಬೆಳಕು, ಬಣ್ಣ ಹಾಕಬಹುದು.

ಒಂದು ಮಾತು ಕೇಳುತ್ತೇನೆ. ನೀನು ಆರು ಎಂದೆ. ಯಾರ್ಯಾರು ಎಂದೂ ಬರೆದೆ. ಅವನ ಬಗ್ಗೆ ಇಡೀ ಕಾಗದದಲ್ಲಿ ಒಂದು ಸಾಲೂ ಇಲ್ಲ. ಮೊದಲೆಲ್ಲ ಅವನಿಲ್ಲದೆ ನಿನ್ನ ಕಾಗದ ಮುಗಿಯುತ್ತಿರಲಿಲ್ಲ.

ಬೇಗ ಬಾ.
ಮೊಂಡಿ


ಆಗಸ್ಟ್ ೨೯
ಲಾರಿಯವರ ಕೈಯಲ್ಲಿ

ನನ್ನ ಮಗಳೇ,

ಆ ಆರರಲ್ಲಿ ಅವನದು ಇರಲಿಲ್ಲ. ಇದು ನಿಜ.

ನಾನು ಬರುವುದಿಲ್ಲ. ಸಿಟ್ಟಾಗಬೇಡ, ಕೇಳು. ಈ ಊರಿನಲ್ಲಿ ಇನ್ನೂ ಮೂವತ್ತೊಂದು ಮಂದಿ ನನ್ನ ಕಣ್ಣು ಹಾಕಿಕೊಂಡು ಓಡಾಡುತ್ತಿದ್ದಾರೆ. ಬಸ್ಸಿನಲ್ಲಿ ಕೂರುತ್ತಾರೆ, ಪೊಲೀಸರ ಎದುರು ನಿಂತು ದಾರಿ ಕೇಳುತ್ತಾರೆ. ಆರು ತಿಂಗಳಿಗೊಮ್ಮೆ ಉಜ್ಜಿ ನುಣುಪು ಮಾಡದಿದ್ದರೆ ಒಳಗೆ ಹುಣ್ಣಾಗುತ್ತದೆ, ಕೀವಾಗುತ್ತದೆ, ಬಟ್ಟೆ ಕಟ್ಟಬೇಕಾಗುತ್ತದೆ. ಬಟ್ಟೆ ಕಟ್ಟಿದರೆ ಮುಗಿಯಿತು. ಉಜ್ಜುವುದನ್ನು ಹಲ್ಲಿನಣ್ಣನವರಿಗೆ ಕಲಿಸುತ್ತಿದ್ದೇನೆ. ಕೈ ಒರಟು, ಆದರೂ ಕಲಿಯುತ್ತಾರೆ. ಬಣ್ಣದ ಚೀಟಿಗಳನ್ನೆಲ್ಲ, ಯಾರಿಗೆ ಯಾವ ಬಣ್ಣ ಎಂದು ಬರೆದದ್ದನ್ನೆಲ್ಲ, ನೀರಿನಲ್ಲಿ ನೆನೆಸಿ ಮುದ್ದೆ ಮಾಡಿ ಬಿಟ್ಟೆ. ಈಗ ಅವು ನನ್ನ ತಲೆಯಲ್ಲಿ ಮಾತ್ರ. ತಲೆ ತೆರೆದು ನೋಡುವ ಕಾಯಿದೆ ಇನ್ನೂ ಬಂದಿಲ್ಲ.

ಹಾಳೆಗಳ ಮೇಲಿನ ನನ್ನ ಸಂಖ್ಯೆಯನ್ನು ಮುಚ್ಚಬೇಡ. ಮುಚ್ಚಿದರೆ ನಕಲಿ ಎನ್ನುತ್ತಾರೆ. ಮೇಲಿಟ್ಟು ತೋರಿಸಲಿ. ಎಪ್ಪತ್ತೊಂದು ವರ್ಷ ನನ್ನ ಮಾತನ್ನು ಯಾವ ಸಭೆಯೂ ಕೇಳಿರಲಿಲ್ಲ, ಈಗ ನನ್ನ ಸಹಿಯಾದರೂ ಹೋಗಿ ಕೂರುತ್ತದಲ್ಲ.

ಮಾತನ್ನು ಮುಂದಕ್ಕೆ ತಳ್ಳುತ್ತಿದ್ದೇನೆ ಎಂದು ನಿನಗೆ ಗೊತ್ತಾಗಿದೆ.

ಲಾರಿಯವರು ಏಳು ಡಬ್ಬಿ ಕೊಡುತ್ತಾರೆ. ಆರನ್ನು ಹಾಗೆಯೇ ಅಧ್ಯಕ್ಷೆಗೆ ಕೊಡು. ಏಳನೆಯದನ್ನು ನೀನು ಒಬ್ಬಳೇ ಇದ್ದಾಗ ತೆರೆ. ಹಗಲಿನಲ್ಲಿ, ಆ ಕಿಟಕಿಯ ಪಕ್ಕ. ಕನ್ನಡಿ ಹತ್ತಿರ ಇರಲಿ.

ನಾನು ಅದನ್ನು ತೊಳೆದಿಲ್ಲ. ಪೊರೆ ಹಾಗೇ ಇದೆ. ನಿನಗೆ ಓದಲು ಬರುವುದಿಲ್ಲ, ಅದೇ ಒಳ್ಳೆಯದು. ನಾನು ಓದಿದ್ದೇನೆ. ಅವನು ಕೊನೆಯವರೆಗೂ ಅಂಥ ಅಳುಬುರುಕನೇನಾಗಲಿಲ್ಲ ಎಂದಷ್ಟೇ ತಿಳಿದುಕೋ.

ಲಿಫ್ಟು ಮೊನ್ನೆಯಿಂದ ಬರುತ್ತಿಲ್ಲ.

ನಿನ್ನ ದೊಡ್ಡಮ್ಮ


ಅಕ್ಟೋಬರ್ ೫

ದೊಡ್ಡಮ್ಮ,

ಎರಡು ಲಾರಿ ಬಂದು ಹೋದವು, ನಿನ್ನ ಕಾಗದವಿಲ್ಲ. ಆದರೂ ಬರೆಯುತ್ತೇನೆ.

ನಿನ್ನೆ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ ಆರು ಕಣ್ಣುಗಳನ್ನು ಸಾಲಾಗಿ ಇಟ್ಟರು, ಪಕ್ಕದಲ್ಲಿ ಹಾಳೆಗಳು. ಸದಸ್ಯರು ಕುರ್ಚಿ ಹಿಂದಕ್ಕೆ ಸರಿಸಿಕೊಂಡರು. ಕಾರ್ಖಾನೆ ಊರಿನವರು ಎಡಕ್ಕೆ ಜರುಗಿದರು, ಆಮೇಲೆ ಬಲಕ್ಕೆ. ಎಲ್ಲಿ ಕೂತರೂ ತಮ್ಮನ್ನೇ ನೋಡಿದ ಹಾಗೆ ಆಗಿರಬೇಕು. ನಿನ್ನ ಕೆಲಸ ಅಷ್ಟು ಚೆನ್ನಾಗಿದೆ.

ರಾಯಭಾರಿ ಎದ್ದು ನಿಂತರು. ಹೆಡ್‌ಫೋನಿನಲ್ಲಿ ಅವರ ದನಿ, ಮೈಕಿನಲ್ಲಿ ನನ್ನದು. ಇವು ಗೊಂಬೆಯ ಕಣ್ಣುಗಳು, ಈ ಹೆಂಗಸು ಗೊಂಬೆ ಕಾರ್ಖಾನೆಯಲ್ಲಿ ಇದ್ದವಳು, ಮುದ್ರೆ ಯಾರು ಬೇಕಾದರೂ ಮಾಡಿಸಬಹುದು. ಒಂದು ಪದ ಬಿಡದೆ ಹೇಳಿದೆ. ಹೇಳಿ ಮುಗಿಸಿದ ಮೇಲೆ ಹೊಳೆಯಿತು. ನಿನ್ನ ಹಳೆಯ ಕೆಲಸ ಯಾವ ಹಾಳೆಯಲ್ಲೂ ಇರಲಿಲ್ಲ. ನಾನೂ ಯಾರಿಗೂ ಹೇಳಿರಲಿಲ್ಲ. ಅಂದರೆ ಅವರ ಪೊಲೀಸರು ಆಗಲೇ ನಿನ್ನ ಬಳಿಗೆ ಬಂದಿದ್ದರು.

ಹೆಡ್‌ಫೋನು ತೆಗೆದಿಟ್ಟೆ. ಗಾಜಿನ ಗೂಡಿನಿಂದ ಹೊರಗೆ ಬಂದೆ. ಹನ್ನೆರಡು ವರ್ಷದಲ್ಲಿ ಸಭೆ ನಡೆಯುವಾಗ ಆ ಬಾಗಿಲು ತೆರೆದದ್ದು ಅದೇ ಮೊದಲು. ಏಳನೆಯ ಡಬ್ಬಿ ನನ್ನ ಜೇಬಿನಲ್ಲಿತ್ತು. ಅಧ್ಯಕ್ಷೆಯ ಎದುರು ನಿಂತು, ಅದನ್ನು ತೆಗೆದು, ನನ್ನ ಎಡಗಣ್ಣಿನ ಪಕ್ಕಕ್ಕೆ ಹಿಡಿದೆ. ಅವರು ಕನ್ನಡಕ ಹಾಕಿಕೊಂಡು ಹತ್ತಿರ ಬಂದರು. ಚುಕ್ಕೆ ನೋಡಿದರು. ನನ್ನದನ್ನು, ಅದನ್ನು, ಮತ್ತೆ ನನ್ನದನ್ನು.

"ಇದು ನನ್ನ ತಮ್ಮ" ಎಂದೆ. ಆ ಕೋಣೆಯಲ್ಲಿ ನಾನು ನನ್ನ ಪರವಾಗಿ ಹೇಳಿದ ಮಾತು ಅದೊಂದೇ.

ರಾಯಭಾರಿ ಏನೋ ಉತ್ತರಿಸಿದರು. ಅನುವಾದ ಮಾಡಲು ಗೂಡಿನಲ್ಲಿ ಯಾರೂ ಇರಲಿಲ್ಲ. ನನ್ನನ್ನು ಬಿಟ್ಟು ಯಾರಿಗೂ ಅರ್ಥವಾಗಲಿಲ್ಲ.

ಒಂದು ಮತದ ಅಂತರದಲ್ಲಿ ತೋ‌ಟಾ ಮಾರಾಟ ನಿಂತಿತು. ತೊಂಬತ್ತು ದಿನಕ್ಕೆ ಮಾತ್ರ. ಅಷ್ಟರೊಳಗೆ ಹೊಸ ಸಾಕ್ಷ್ಯ ಬಾರದಿದ್ದರೆ ಮತ್ತೆ ಶುರುವಾಗುತ್ತದೆ. ಪುಡಿಯನ್ನು ಬಿಟ್ಟಿದ್ದಾರೆ, ನಿನ್ನ ಮಾತನ್ನೇ ಅಧ್ಯಕ್ಷೆ ಹೇಳಿದರು, ಎರಡೂ ಒಂದೇ ದಾರಿಯಲ್ಲಿ ಬರುತ್ತವೆ ಎಂದು. ನನ್ನ ಕೆಲಸ ಹೋಯಿತು, ಅದು ದೊಡ್ಡದಲ್ಲ.

ಅವನ ಕಣ್ಣನ್ನು ಸಾಕ್ಷ್ಯದ ಕಪಾಟಿನಲ್ಲಿ ಇಟ್ಟಿದ್ದಾರೆ. ಬೆಳಿಗ್ಗೆ ಏಳೂಮುಕ್ಕಾಲಿಗೆ ನನಗೆ ತಾನಾಗಿ ಎಚ್ಚರವಾಗುತ್ತದೆ.

ಒಂದು ಸಾಲು ಬರೆ. ಮಂಡಿನೋವಿನ ಬಗ್ಗೆಯಾದರೂ ಬರೆ.
ಮೊಂಡಿ


ನವೆಂಬರ್ ೧೧
ಲಾರಿಯವರ ಕೈಯಲ್ಲಿ

ಮಗಳೇ,

ನಾನು ದೊಡ್ಡಮ್ಮನ ಪಕ್ಕದ ಕೋಣೆಯ ಹಲ್ಲಿನ ಮಾಮ. ನೀನು ಚಿಕ್ಕವಳಿದ್ದಾಗ ನನ್ನ ಮೇಣದಲ್ಲಿ ಆನೆ ಮಾಡುತ್ತಿದ್ದೆ, ನೆನಪಿರಬಹುದು. ನನಗೆ ಕಾಗದ ಬರೆದು ರೂಢಿಯಿಲ್ಲ. ನಿನ್ನ ಅಕ್ಟೋಬರಿನ ಕಾಗದ ನನ್ನ ಕೈಗೆ ಸಿಕ್ಕಿತು, ಅಕ್ಕನ, ಅಂದರೆ ನಿನ್ನ ದೊಡ್ಡಮ್ಮನ, ಕೈಗೆ ಸಿಗಲಿಲ್ಲ. ಅವರನ್ನು ಸೆಪ್ಟೆಂಬರ್ ಹದಿನೇಳರಂದು ಕರೆದುಕೊಂಡು ಹೋದರು. ಕಣ್ಣು ಉಜ್ಜುತ್ತಾ ಕೂತಿದ್ದರು, ಇದೊಂದು ಮುಗಿಸಿಬಿಡುತ್ತೇನೆ ಎಂದರು, ಬಂದವರು ಕಾದರು. ಮುಗಿಸಿಕೊಟ್ಟೇ ಹೋದರು.

ಕಚೇರಿಗಳಿಗೆ ಹೋಗಿ ಕೇಳಿದೆ. ಅಂಥವರು ಎಲ್ಲೂ ಇಲ್ಲವಂತೆ, ಗಡಿ ದಾಟಿರಬೇಕಂತೆ. ಅಲ್ಲಿಗೆ ಬಂದಿದ್ದಾರೆಯೇ ಎಂದು ನಿನ್ನನ್ನು ಕೇಳೋಣ ಅಂದುಕೊಂಡಿದ್ದೆ.

ನಿನ್ನೆ ನನಗೊಂದು ಪಾರ್ಸೆಲ್ ಬಂತು. ಕಣ್ಣಿನ ಡಬ್ಬಿಗಿಂತ ದೊಡ್ಡದು. ಹತ್ತಿಯನ್ನು ಜೋಪಾನವಾಗಿ ಸುತ್ತಿದ್ದರು. ಅಕ್ಷರ ಅದೇ, ದುಂಡಗಿನದು. ಕಾರಣವೂ ಅದೇ.

ನನ್ನ ಪಾಲಿನ ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ. ಮುದ್ರೆ ಚೆನ್ನಾಗಿ ಮೂಡಿದೆ. ನನ್ನ ಅಂಗಡಿಯ ಸಂಖ್ಯೆ ಕಾಣುತ್ತದೆ, ಮುಚ್ಚುವುದು ಬೇಡ. ತೊಂಬತ್ತು ದಿನ ಮುಗಿಯುವುದಕ್ಕೆ ಇನ್ನೂ ಐವತ್ತಕ್ಕೂ ಹೆಚ್ಚು ದಿನ ಇದೆ ಎಂದು ಲಾರಿಯವರು ಎಣಿಸಿ ಹೇಳಿದರು.

ಕಣ್ಣು ಉಜ್ಜಿಸಿಕೊಳ್ಳಲು ಜನ ಬರುತ್ತಿದ್ದಾರೆ. ನನ್ನ ಕೈ ಪರವಾಗಿಲ್ಲ ಎನ್ನುತ್ತಾರೆ.

ಹಲ್ಲುಸೆಟ್ಟನ್ನೂ ಕಳಿಸುತ್ತಿದ್ದೇನೆ. ಕೆಳಸಾಲು ಸಡಿಲ ಎಂದು ಅಕ್ಕ ವರ್ಷಗಟ್ಟಲೆ ಬೈಯುತ್ತಿದ್ದರು, ನಾಳೆ ನಾಡಿದ್ದು ಎಂದು ಮುಂದೂಡುತ್ತಿದ್ದೆ. ನಿನ್ನೆ ಕೂತು ಸರಿ ಮಾಡಿದೆ. ಈಗ ಸದ್ದು ಮಾಡುವುದಿಲ್ಲ.

ನಿನ್ನ ಹಲ್ಲಿನ ಮಾಮ